ನೀರು ಇಂಗುವುದು ಬೇರೆ, ದೃಷ್ಟಿ ಮರಳುವುದು ಬೇರೆ

ನಮಸ್ಕಾರ. ಎಂಟು ತಿಂಗಳಿನಿಂದ ಸೆಂಟ್ರಲ್ ಸೀರಸ್ ರೆಟಿನೋಪತಿಯಿಂದ (ಅಕ್ಷಿಪಟಲ, ಅಂದರೆ ರೆಟಿನಾದ ಅಡಿಯಲ್ಲಿ ನೀರು ನಿಲ್ಲುವ ಕಾಯಿಲೆ) ಬಳಲುತ್ತಿರುವ ನಿಮ್ಮ ಅಣ್ಣನವರಿಗೆ ಫೋಟೊಡೈನಾಮಿಕ್ ಚಿಕಿತ್ಸೆ ಮಾಡಿಸಿದರೆ, 6/18ಕ್ಕೆ ಇಳಿದಿರುವ ದೃಷ್ಟಿ ಎಷ್ಟು ಮರಳೀತು ಎಂದು ಕೇಳಿದ್ದೀರಿ.

ಈ ಚಿಕಿತ್ಸೆಯಲ್ಲಿ ವರ್ಟೆಪೋರ್ಫಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟು, 689 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕಿನಿಂದ ಅದನ್ನು ಕಣ್ಣಿನೊಳಗೆ ಸಕ್ರಿಯಗೊಳಿಸಿ, ಅಕ್ಷಿಪಟಲದ ಹಿಂದಿನ ರಕ್ತನಾಳಗಳ ಸೋರಿಕೆಯನ್ನು ತಗ್ಗಿಸುತ್ತಾರೆ. 2018ರಲ್ಲಿ ಪ್ರಕಟವಾದ ‘ಪ್ಲೇಸ್’ ಅಧ್ಯಯನದಲ್ಲಿ, ಅರ್ಧ ಪ್ರಮಾಣದ ಔಷಧದಿಂದ ಈ ಚಿಕಿತ್ಸೆ ಪಡೆದ ದೀರ್ಘಕಾಲದ ರೋಗಿಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ಏಳೆಂಟು ತಿಂಗಳ ಹೊತ್ತಿಗೆ ನೀರು ಪೂರ್ತಿ ಇಂಗಿತ್ತು.

ಆದರೆ ನೀರು ಇಂಗಿದವರೆಲ್ಲರ ದೃಷ್ಟಿಯೂ ಒಂದೇ ಮಟ್ಟಕ್ಕೆ ಮರಳುವುದಿಲ್ಲ. ನನ್ನ ದೃಷ್ಟಿಯಲ್ಲಿ ನೀವು ಮುಖ್ಯವಾಗಿ ಗಮನಿಸಬೇಕಾದದ್ದು ಅಕ್ಷಿಪಟಲದ ಪದರಗಳನ್ನು ಅಡ್ಡಸೀಳಿನಂತೆ ತೋರಿಸುವ ಓಸಿಟಿ ಸ್ಕ್ಯಾನ್. ಅದರಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳನ್ನು ಸೂಚಿಸುವ ‘ಎಲಿಪ್ಸಾಯ್ಡ್ ಜೋನ್’ ಎಂಬ ಬಿಳಿಗೆರೆ ಅಕ್ಷಿಪಟಲದ ನಡುಬಿಂದುವಿನಲ್ಲಿ ಅಖಂಡವಾಗಿದ್ದು, ಅಲ್ಲಿನ ಹೊರ ನ್ಯೂಕ್ಲಿಯರ್ ಪದರ (ಅದೇ ಕೋಶಗಳ ಕೋಶಕೇಂದ್ರಗಳಿರುವ ಪದರ) ತೆಳುವಾಗದಿದ್ದರೆ ಚೇತರಿಕೆಯ ಭರವಸೆ ಹೆಚ್ಚು. ಗೆರೆ ತುಂಡಾಗಿ ಪದರ ಸವೆದಿದ್ದರೆ ನೀರು ಇಂಗಿದ ಮೇಲೂ ಅಕ್ಷರಗಳು ಮಂಕಾಗಿ ಉಳಿಯಬಹುದು. ಚಿಕಿತ್ಸೆಗೆ ಮುಂಚಿನ ದೃಷ್ಟಿ ಉತ್ತಮವಾಗಿದ್ದಷ್ಟೂ, ನೀರು ನಿಂತ ಅವಧಿ ಕಡಿಮೆಯಿದ್ದಷ್ಟೂ ಫಲಿತಾಂಶ ಒಳ್ಳೆಯದು. ಹಾಗಾಗಿ ಮುಂದಿನ ಭೇಟಿಯಲ್ಲಿ ಸ್ಕ್ಯಾನ್ ಚಿತ್ರವನ್ನೇ ಮುಂದಿಟ್ಟು ಈ ಎರಡು ಪದರಗಳ ಸ್ಥಿತಿಯನ್ನು ವೈದ್ಯರಲ್ಲಿ ವಿಚಾರಿಸಿ.

ಇನ್ನೊಂದು ಮಾತು: ಅಣ್ಣನವರು ಸ್ಟೀರಾಯ್ಡ್ ಇರುವ ಮಾತ್ರೆ, ಮುಲಾಮು ಅಥವಾ ಮೂಗಿನ ಸ್ಪ್ರೇ ಬಳಸುತ್ತಿದ್ದರೆ ತಪ್ಪದೆ ತಿಳಿಸಿ, ಈ ಕಾಯಿಲೆ ಅದರಿಂದಲೂ ಉಲ್ಬಣಿಸುತ್ತದೆ. ಆದರೆ ವೈದ್ಯರನ್ನು ಕೇಳದೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು.