ಹಳೆಯ ಸ್ನೋಕ್ಯಾಟ್: ಎಂಜಿನ್‌ಗಿಂತ ಮೊದಲು ಅಡಿಭಾಗ ನೋಡಿ

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಸುಮಾರು 3,000 ಮೀಟರ್ ಎತ್ತರದಲ್ಲಿ ಅವನಿಗೊಂದು ಮರದ ಮನೆ ಇದ್ದು, ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ದಾರಿ ಹಿಮದಿಂದ ಮುಚ್ಚಿಹೋಗುತ್ತದೆ. 1970ರ ದಶಕದ ಥಯೋಕಾಲ್ ಸ್ಪ್ರೈಟ್ ಎಂಬ ಸ್ನೋಕ್ಯಾಟ್ (ಅಗಲವಾದ ಟ್ರ್ಯಾಕ್‌ಗಳ ಮೇಲೆ ಹಿಮದಲ್ಲಿ ಓಡುವ ಗಾಡಿ) ಒಂದನ್ನು ಕೊಂಡು, ಡೀಸೆಲ್ ಎಂಜಿನ್ ಕೂರಿಸಿ, ಹಿಂದೆ ಮಲಗುವಷ್ಟು ದೊಡ್ಡ ಕ್ಯಾಬಿನ್ ಕಟ್ಟಿಸುವುದು ಅವನ ಯೋಜನೆ. ಗ್ಯಾರೇಜ್ ನಡೆಸುವವನೆಂದು ನನ್ನ ಸಲಹೆ ಕೇಳುತ್ತಿದ್ದಾನೆ. ನಾನೋ ಹಿಮವನ್ನೇ ಕಂಡವನಲ್ಲ. ಏನು ನೋಡಿ ಕೊಳ್ಳಬೇಕು?
– ಓದುಗರು, ಉಡುಪಿ

ಉತ್ತರ: ಹಿಮ ಕಾಣದಿರುವುದು ಇಲ್ಲಿ ದೊಡ್ಡ ಕೊರತೆಯೇನಲ್ಲ. ಹಳೆಯ ಸ್ನೋಕ್ಯಾಟ್ ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ಎಂಜಿನ್ ಚಾಲೂ ಮಾಡಿಸಿ ಸದ್ದು ಕೇಳುತ್ತಾರೆ. ಆದರೆ ಸ್ಪ್ರೈಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫೋರ್ಡ್ ಕಂಪೆನಿಯ ಆರು ಸಿಲಿಂಡರ್ ಎಂಜಿನ್. ಅದು ಕೆಟ್ಟರೂ ಅಲ್ಲಿ ರಿಪೇರಿ ಕಷ್ಟವಲ್ಲ. ಕೈ ಸುಡುವುದು ಟ್ರ್ಯಾಕ್, ಸ್ಪ್ರಾಕೆಟ್ ಮತ್ತು ಗಾಡಿಯನ್ನು ತಿರುಗಿಸುವ ಡಿಫರೆನ್ಷಿಯಲ್ ಇವುಗಳಲ್ಲಿ. ಬಾಹ್ಯಾಕಾಶ ನೌಕೆಗಳಿಗೆ ಘನ ಇಂಧನದ ರಾಕೆಟ್ ತಯಾರಿಸಿಕೊಟ್ಟ ಅದೇ ಥಯೋಕಾಲ್ ಕಂಪೆನಿ ತನ್ನ ಹಿಮವಾಹನ ವಿಭಾಗವನ್ನು 1978ರಲ್ಲಿ ಜಾನ್ ಡಿಲೋರಿಯನ್ ಅವರಿಗೆ ಮಾರಿತು. ಎಲ್‌ಎಂಸಿ ಎಂಬ ಹೆಸರಿನಲ್ಲಿ ಮುಂದುವರಿದ ಆ ಕಾರ್ಖಾನೆ 2000ನೇ ಇಸವಿಯಲ್ಲಿ ಬಾಗಿಲು ಮುಚ್ಚಿತು. ಹಾಗಾಗಿ ಬಿಡಿಭಾಗಕ್ಕೆ ಮೂಲ ತಯಾರಕರನ್ನು ನಂಬುವಂತಿಲ್ಲ; ಗುಜರಿಗೆ ಬಿದ್ದ ಗಾಡಿಗಳೇ ಎಷ್ಟೋ ಸಲ ಗತಿ.

ಇದರ ಟ್ರ್ಯಾಕ್ ನಮ್ಮ ಕಡೆ ಮಣ್ಣು ಅಗೆಯುವ ಹಿಟಾಚಿಯ ಉಕ್ಕಿನ ಚೈನ್‌ನಂಥದ್ದಲ್ಲ. ಉದ್ದನೆಯ ರಬ್ಬರ್ ಬೆಲ್ಟ್‌ಗಳಿಗೆ ಅಡ್ಡಡ್ಡಲಾಗಿ ಲೋಹದ ಪಟ್ಟಿಗಳನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಬೆಲ್ಟ್‌ನ ಅಂಚನ್ನು ಬೆರಳಿನಿಂದ ಸವರಿ ನೋಡಲು ತಮ್ಮನಿಗೆ ಹೇಳಿ: ಒಳಗಿನ ನೂಲು ಹೊರಬಂದಿದ್ದರೆ, ಪದರಗಳು ಬಿಟ್ಟುಕೊಂಡಿದ್ದರೆ ಅದರ ಆಯಸ್ಸು ಮುಗಿಯುತ್ತ ಬಂದಿದೆ ಎಂದರ್ಥ. ಬೋಲ್ಟ್ ತೂತುಗಳು ಗುಂಡಗೆ ಉಳಿಯದೆ ಉದ್ದವಾಗಿದ್ದರೆ, ಅಡ್ಡಪಟ್ಟಿಗಳಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡರೆ ಬೆಲೆ ಇಳಿಸಿ ಕೇಳಬೇಕು. ಒಂದು ಬದಿಯನ್ನು ಜಾಕ್ ಮೇಲೆ ಎತ್ತಿ ಚಕ್ರಗಳನ್ನು ಕೈಯಿಂದ ಅಲ್ಲಾಡಿಸಿದರೆ ಬೇರಿಂಗ್‌ನ ಸ್ಥಿತಿ ತಿಳಿಯುತ್ತದೆ. ತುಕ್ಕಿನ ವಿಷಯದಲ್ಲಿ ಕರಾವಳಿಯ ಗ್ಯಾರೇಜಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚಾಸಿಸ್‌ನ ಫೋಟೊಗಳನ್ನು ಕೆಳಗಿನಿಂದ ತೆಗೆಸಿ ತರಿಸಿಕೊಳ್ಳಿ.

ಸ್ಪ್ರೈಟ್‌ಗೆ ಸ್ಟೀರಿಂಗ್ ಚಕ್ರದ ಬದಲು ಎರಡು ಲಿವರ್‌ಗಳಿವೆ. ಒಂದನ್ನು ಎಳೆದಾಗ ಓಸಿ–12 ಎಂಬ ಡಿಫರೆನ್ಷಿಯಲ್‌ನ ಒಳಗಿನ ಬ್ಯಾಂಡ್ ಬಿಗಿದು ಆ ಬದಿಯ ಟ್ರ್ಯಾಕ್ ನಿಧಾನವಾಗುತ್ತದೆ, ಇನ್ನೊಂದು ಬದಿ ಅದೇ ಪ್ರಮಾಣದಲ್ಲಿ ವೇಗ ಪಡೆಯುತ್ತದೆ. ಎರಡನ್ನೂ ಎಳೆದರೆ ಅದೇ ಬ್ರೇಕ್. ಆದ್ದರಿಂದ ಸವೆದ ಬ್ಯಾಂಡ್ ಎಂದರೆ ತಿರುಗದ ಗಾಡಿಯಷ್ಟೇ ಅಲ್ಲ, ಇಳಿಜಾರಿನಲ್ಲಿ ನಿಲ್ಲದ ಗಾಡಿ. ಲಿವರ್ ಎದೆಯವರೆಗೆ ಬಂದರೂ ಗಾಡಿ ಮನಸ್ಸಿಲ್ಲದೆ ತಿರುಗುತ್ತಿದ್ದರೆ, ಬರೀ ಅಡ್ಜಸ್ಟ್‌ಮೆಂಟ್ ಸಾಕು ಎಂಬ ಮಾರಾಟಗಾರರ ಮಾತನ್ನು ನಂಬದೆ ಎಣ್ಣೆಯನ್ನು ಸ್ವಲ್ಪ ಇಳಿಸಿ, ಲೋಹದ ಚೂರು ಇದೆಯೇ ಎಂದು ನೋಡಬೇಕು.

ಡೀಸೆಲ್ ಎಂಜಿನ್ ಬಗ್ಗೆ ನನ್ನ ಅಭಿಪ್ರಾಯ ಅವಸರ ಬೇಡವೆಂದು. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಕಾಲು ಭಾಗ ಕಡಿಮೆ ಇರುವುದರಿಂದ, ಮಲ್ಪೆಯಲ್ಲಿ 100 ಅಶ್ವಶಕ್ತಿ ಕೊಡುವ, ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಅಲ್ಲಿ 75ರ ಆಸುಪಾಸಿಗೆ ಇಳಿಯುತ್ತದೆ. ಟರ್ಬೊ ಡೀಸೆಲ್ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ, ನಿಜ. ಆದರೆ ಅದರ ತೂಕವೂ ಟಾರ್ಕ್, ಅಂದರೆ ತಿರುಗಿಸುವ ಬಲ ಕೂಡ ಹೆಚ್ಚು, ಆ ಟಾರ್ಕನ್ನೆಲ್ಲ ಹೊರಬೇಕಾದ್ದು ಅದೇ ಹಳೆಯ ಡಿಫರೆನ್ಷಿಯಲ್. ಇರುವ ಪೆಟ್ರೋಲ್ ಎಂಜಿನ್‌ನ ಕಾರ್ಬ್ಯುರೇಟರ್ ತೆಗೆದು ಇಂಧನ ಇಂಜೆಕ್ಷನ್ ಅಳವಡಿಸಿ, ರೇಡಿಯೇಟರ್ ದೊಡ್ಡದು ಮಾಡಿಸಿದರೆ ಮನೆಯವರೆಗಿನ ಓಡಾಟಕ್ಕೆ ಧಾರಾಳ ಸಾಕು. ಮೆತ್ತನೆ ಹಿಮದಲ್ಲಿ ಗಾಡಿ ನಿಧಾನವಾಗಿ, ಪೂರ್ತಿ ಭಾರದಲ್ಲಿ ಏರುವುದರಿಂದ ಹೊರಗೆ ಚಳಿ ಎಷ್ಟಿದ್ದರೂ ಎಂಜಿನ್ ಕಾಯುತ್ತದೆ.

ಕ್ಯಾಬಿನ್ ವಿಷಯದಲ್ಲಿ ತಮ್ಮನನ್ನು ಸ್ವಲ್ಪ ಗದರಿಸಿದರೂ ತಪ್ಪಿಲ್ಲ. ಭಾರ ಅಗಲವಾದ ಟ್ರ್ಯಾಕ್ ಮೇಲೆ ಹರಡುವುದರಿಂದಲೇ ಸ್ನೋಕ್ಯಾಟ್ ಹಿಮದಲ್ಲಿ ಹೂತುಹೋಗುವುದಿಲ್ಲ. ಮಂಚ, ಒಲೆ, ಪ್ಲೈವುಡ್ ಗೋಡೆ ಎಂದು ಸೇರಿಸಿದ ಪ್ರತಿ ಕಿಲೊ ಆ ಗುಣವನ್ನು ತಿನ್ನುತ್ತದೆ, ಅದೂ ಎತ್ತರದಲ್ಲಿ ಕುಳಿತ ಭಾರವಾದರೆ ಗಾಡಿ ಮಗುಚುವ ಭಯವೂ ಹೆಚ್ಚು. ಇಳಿಜಾರಿಗೆ ಅಡ್ಡವಾಗಿ ಓಡಿಸಿದರೆ ಟ್ರ್ಯಾಕ್ ಕಳಚಿಕೊಳ್ಳುವುದೂ ಉಂಟು. ನೇರ ಏರಿ ನೇರ ಇಳಿಯುವುದೇ ಕ್ರಮ. ಅಲ್ಯೂಮಿನಿಯಂ ಚೌಕಟ್ಟಿನ ಗಿಡ್ಡ ಕ್ಯಾಬಿನ್ ಮಾಡಿಸಲಿ, ಮಾಡಿನಲ್ಲಿ ಹೊರಬರಲು ಒಂದು ಕಿಂಡಿ ಇರಲಿ. ಮುಚ್ಚಿದ ಕ್ಯಾಬಿನ್‌ನಲ್ಲಿ ಮಲಗುವವನಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಜೀವಕ್ಕೇ ಅಪಾಯ. ಆ ಅನಿಲಕ್ಕೆ ವಾಸನೆಯಿಲ್ಲ.

ಬಜೆಟ್ ಸ್ವಲ್ಪ ಹಿಗ್ಗುವುದಾದರೆ ಟಕರ್ ಸ್ನೋಕ್ಯಾಟ್ ಕೂಡ ನೋಡಬಹುದು. 1957–58ರಲ್ಲಿ ಬ್ರಿಟಿಷ್ ಅನ್ವೇಷಕ ವಿವಿಯನ್ ಫುಕ್ಸ್ ಅವರ ತಂಡ 99 ದಿನಗಳಲ್ಲಿ ಅಂಟಾರ್ಕ್ಟಿಕಾವನ್ನು ದಾಟಿದ್ದು ಟಕರ್‌ಗಳನ್ನು ನೆಚ್ಚಿಕೊಂಡೇ. ನಾಲ್ಕು ಪ್ರತ್ಯೇಕ ಟ್ರ್ಯಾಕ್‌ಗಳಿರುವ ಅದರಲ್ಲಿ ಆಕ್ಸಲ್‌ಗಳೇ ತಿರುಗುವುದರಿಂದ ಮೇಲೆ ಹೇಳಿದ ಬ್ಯಾಂಡ್‌ಗಳ ತಲೆನೋವಿಲ್ಲ. ಓರೆಗಾನ್‌ನ ಮೆಡ್‌ಫರ್ಡ್‌ನಲ್ಲಿರುವ ಅದರ ತಯಾರಕರು ಥಯೋಕಾಲ್‌ನವರಂತೆ ಈ ಕಸುಬನ್ನು ಬಿಟ್ಟುಹೋದವರಲ್ಲ.

ಪ್ರಶ್ನೆ: ಯುರೋಪಿನಿಂದ ಹಳೆಯ ಸ್ನೋಕ್ಯಾಟನ್ನು ಪಣಂಬೂರು ಬಂದರಿಗೆ ತರಿಸಿ, ಬೈಕಂಪಾಡಿಯಲ್ಲಿ ಸೀಟು ಕೂರಿಸಿ, ಮನಾಲಿಯ ಪ್ರವಾಸೋದ್ಯಮಕ್ಕೆ ಮಾರಬಹುದೇ?
– ಓದುಗರು, ಮಂಗಳೂರು

ಉತ್ತರ: ಹಿಮದ ಮೇಲೆ ಜನರನ್ನು ಒಯ್ಯುವ ವಾಹನಗಳು ಸುಂಕದ ಪಟ್ಟಿಯಲ್ಲಿ 8703 10 ಎಂಬ ಶೀರ್ಷಿಕೆಯಡಿ ಗಾಲ್ಫ್ ಕಾರುಗಳ ಪಕ್ಕದಲ್ಲಿ ಕುಳಿತಿವೆ. ಬಳಸಿದ ವಾಹನಗಳ ಆಮದಿಗೆ ಇರುವ ಸಾಮಾನ್ಯ ನಿಬಂಧನೆಯ ಪ್ರಕಾರ ವಾಹನ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಬರಬೇಕಾದ್ದೂ ಮುಂಬಯಿ ಬಂದರಿನ ಮೂಲಕ. ಪಣಂಬೂರಿನ ಲೆಕ್ಕಾಚಾರ ಅಲ್ಲಿಗೇ ನಿಲ್ಲುತ್ತದೆ. ವಾಹನವೆಂದೋ ಯಂತ್ರವೆಂದೋ ವರ್ಗೀಕರಣವಾಗುವುದರ ಮೇಲೆ ಎಲ್ಲವೂ ನಿಂತಿರುವುದರಿಂದ, ಮುಂಗಡ ಕಳುಹಿಸುವ ಮೊದಲು ಕಸ್ಟಮ್ಸ್ ಬ್ರೋಕರ್ ಒಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಹೇಗೋ ತರಿಸಿದಿರಿ ಎಂದೇ ಇಟ್ಟುಕೊಂಡರೂ, ಇಲ್ಲಿನ ಬಂಕಿನ ಡೀಸೆಲ್ ತುಂಬಿಸಿ ಮೇಲೆ ಕಳುಹಿಸಬೇಡಿ. ಕೊರೆಯುವ ಚಳಿಯಲ್ಲಿ ಅದರ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ವರೆಗೂ ಹರಿಯುವ ಪ್ರತ್ಯೇಕ ಡೀಸೆಲ್ ಹೊರತಂದದ್ದು ಈ ಕಾರಣಕ್ಕೇ.