ಬರಹಗಾರರಿಗೆ ಸಲಹೆ: ಕಡಲಿನ ಪಾಠವನ್ನು ಘಟ್ಟದ ಮೇಲಿಂದ ಬರೆಯಿರಿ

ಪ್ರಿಯರೇ,

ವಿರಾಜಪೇಟೆಯಿಂದ ನೀವು ಕಳಿಸಿದ ‘ಸಾಗರಗಳು ಮತ್ತು ಜಲಚಕ್ರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ನಮ್ಮ ವಿದ್ಯಾರ್ಥಿ ಪುಟದಲ್ಲಿ ಹಾಕಲಾರೆ. ಆದರೆ ನೀವು ಇದನ್ನು ಮತ್ತೆ ಬರೆಯಲೇಬೇಕು, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಒಂದೂವರೆ ಪುಟ ಐದು ಸಾಗರಗಳ ಪಟ್ಟಿಯೇ ಆಗಿದೆ. ಭೂಮಿಯ ಮೇಲ್ಮೈಯ ಶೇ 71 ಭಾಗ ಕಡಲು, ಮರಿಯಾನಾ ಕಂದಕದ ಆಳ ಸುಮಾರು 11 ಕಿ.ಮೀ. ಎಲ್ಲ ಸರಿ, ಎಲ್ಲವೂ ಪಠ್ಯಪುಸ್ತಕದಲ್ಲಿದೆ. ಒಂದು ಮಾತು ಮಾತ್ರ ಉಳಿಸಿಕೊಳ್ಳಿ: ಭೂಮಿಯ ನೀರಿನಲ್ಲಿ ಸುಮಾರು ಶೇ 97 ಕಡಲಿನ ಉಪ್ಪುನೀರು. ಆ ಉಪ್ಪು ಕಡಲಲ್ಲೇ ಉಳಿದು ನೀರಷ್ಟೇ ಮೇಲೇರುವುದರಿಂದ ನಮಗೆ ಸಿಹಿ ಮಳೆ. ಉಪ್ಪು ಹಿಂದೆ ಉಳಿಯುವ ಈ ಮಾತನ್ನು ನೀವು ಎಲ್ಲೂ ಹೇಳಿಲ್ಲ.

‘ಬಿಸಿಲಿಗೆ ಸಮುದ್ರದ ನೀರು ಕುದಿದು ಆವಿಯಾಗುತ್ತದೆ’ ಎಂದಿದ್ದೀರಿ. ಕುದಿಯಬೇಕಿಲ್ಲ, ನೀರು ಯಾವ ಬಿಸಿಯಲ್ಲೂ ಮೇಲ್ಮೈಯಿಂದ ಆವಿಯಾಗುತ್ತಲೇ ಇರುತ್ತದೆ. ‘ಮೋಡವೆಂದರೆ ನೀರಾವಿ’ ಎಂಬುದೂ ತಪ್ಪು. ಆವಿ ಕಣ್ಣಿಗೆ ಕಾಣದು. ಕಾಣುವ ಮೋಡವೆಂದರೆ ತೀರಾ ಸಣ್ಣ ನೀರಹನಿಗಳು, ಎತ್ತರದಲ್ಲಾದರೆ ಹಿಮದ ಹರಳುಗಳು. ಜುಲೈಯಲ್ಲಿ ಮಡಿಕೇರಿಯ ಮಕ್ಕಳು ಮೋಡದೊಳಗೇ ನಡೆದು ಶಾಲೆಗೆ ಹೋಗುತ್ತಾರೆ. ಆಗ ಮನೆಯಲ್ಲಿ ಬಟ್ಟೆ ಒಣಗದೆ ಒಲೆಯ ಮೇಲೆ ಕಟ್ಟುವುದು ಯಾಕೆ ಎಂದು ಕೇಳಿ ನೋಡಿ. ಗಾಳಿ ಹಿಡಿಯಬಲ್ಲಷ್ಟು ತೇವವನ್ನು ಆಗಲೇ ಹಿಡಿದಿದೆ ಎಂಬ ಉತ್ತರಕ್ಕೆ ಅವರೇ ಬರುತ್ತಾರೆ.

ನನಗೆ ನಿಜಕ್ಕೂ ಬೇಸರವಾದದ್ದು ‘ಕೊಡಗಿನ ನದಿಗಳೆಲ್ಲ ಬಂಗಾಳ ಕೊಲ್ಲಿ ಸೇರುತ್ತವೆ’ ಎಂಬ ಸಾಲಿಗೆ. ಕಾವೇರಿ ಸುಮಾರು 800 ಕಿ.ಮೀ. ಹರಿದು ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಸೇರುತ್ತಾಳೆ, ನಿಜ. ಆದರೆ ಬರಪೊಳೆ? ಅದು ಕೇರಳಕ್ಕಿಳಿದು ವಳಪಟ್ಟಣಂ ನದಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪಯಸ್ವಿನಿ ಸುಳ್ಯದ ಮೇಲೆ ಹಾದು ಕಾಸರಗೋಡಿನತ್ತ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿನತ್ತ. ಜೂನ್‌ನಲ್ಲಿ ಅರಬ್ಬೀ ಸಮುದ್ರದ ಮೇಲಿಂದ ತೇವ ಹೊತ್ತು ಬಂದ ಗಾಳಿ ಘಟ್ಟ ಏರುತ್ತಾ ತಣ್ಣಗಾಗಿ ಸುರಿಯುತ್ತದೆ. ಒಂದೇ ಮಳೆ, ಏಣಿನ ಈ ಬದಿಗೆ ಬಿದ್ದದ್ದು ಒಂದು ಕಡಲಿಗೆ, ಆ ಬದಿಗೆ ಬಿದ್ದದ್ದು ಇನ್ನೊಂದಕ್ಕೆ! ಘಟ್ಟ ದಾಟುವಷ್ಟರಲ್ಲಿ ಗಾಳಿಯ ತೇವ ಕಡಿಮೆಯಾಗಿರುತ್ತದೆ, ಹಾಗಾಗಿ ಭಾಗಮಂಡಲದಲ್ಲಿ ಸುರಿಯುವುದರ ಒಂದು ಪಾಲಷ್ಟೇ ಕುಶಾಲನಗರಕ್ಕೆ. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಲಿ.

ಲೆಕ್ಕವೂ ನಿಮ್ಮಲ್ಲೇ ಸಿಗುತ್ತದೆ. ತೋಟದವರು ಮಳೆಯನ್ನು ಇಂಚಿನಲ್ಲಿ ಬರೆದಿಡುತ್ತಾರಲ್ಲ, ಒಂದು ಎಕರೆಗೆ ಒಂದು ಇಂಚು ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಮಕ್ಕಳೇ ಗುಣಿಸಿ ನೋಡಲಿ.

ಕೊನೆಯ ‘ನೀರನ್ನು ಉಳಿಸೋಣ’ ಭಾಗ ತೆಗೆಯಿರಿ. ಬಾಣಗಳ ಚಕ್ರದ ಚಿತ್ರವೂ ಬೇಡ, ಅದರ ಬದಲು ಎರಡು ಕಡಲು, ನಡುವೆ ಘಟ್ಟ, ನಾಲ್ಕು ಹೊಳೆಗಳಿರುವ ನಕ್ಷೆಯನ್ನು ನೀವೇ ಪೆನ್ಸಿಲ್‌ನಲ್ಲಿ ಬರೆದು ಕಳಿಸಿ. ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ. ಮೇ ಮೊದಲ ವಾರದೊಳಗೆ ಬಂದರೆ ಮಳೆಗಾಲದ ಸಂಚಿಕೆಗೆ ಹಾಕಿಕೊಳ್ಳುತ್ತೇನೆ.

— ಸಂಪಾದಕ