ಬ್ಯಾಕ್ಟೀರಿಯಾದ ಸಾರ ಹಾಕಿದರೆ ಸ್ತನ ಕ್ಯಾನ್ಸರ್ ಕೋಶ ಸಾಯುತ್ತದೆಯೇ?

ಯಾವ ಸಾರ ಅನ್ನೋದೇ ಇಲ್ಲಿ ಮುಖ್ಯ. ಬ್ಯಾಕ್ಟೀರಿಯಾವನ್ನು ಗುರುತು ಹಿಡಿಯುವ ಟೋಲ್-ಲೈಕ್ ರಿಸೆಪ್ಟರುಗಳು, ಅಂದರೆ ಟಿಎಲ್‌ಆರ್‌ಗಳು, ಬಿಳಿ ರಕ್ತಕಣಗಳಲ್ಲಿ ಮಾತ್ರವಲ್ಲ, ಸ್ತನ ಕ್ಯಾನ್ಸರ್ ಕೋಶಗಳಲ್ಲೂ ಇವೆ.

ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೊರಪದರದಲ್ಲಿರುವ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆಯ ಅಣು ಹೋಗಿ ಇವುಗಳಲ್ಲಿ ಒಂದಾದ ಟಿಎಲ್‌ಆರ್4 ಅನ್ನು ಕೆಣಕುತ್ತದೆ. ಆಗ ಕೋಶದೊಳಗೆ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಚುರುಕಾಗಿ, ಐಎಲ್-6, ಐಎಲ್-8 ಎಂಬ ಸಂಕೇತ ಪ್ರೋಟೀನುಗಳು ಹೊರಬರುತ್ತವೆ. ಇವು ಉರಿಯೂತ ಹೆಚ್ಚಿಸುತ್ತವೆ, ಗೆಡ್ಡೆ ಬೆಳೆಯೋಕೆ, ಹರಡೋಕೆ ನೆರವಾಗಬಹುದು. ಲ್ಯಾಬಿನಲ್ಲಿ ಬೆಳೆಸುವ ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಟಿಎಲ್‌ಆರ್4 ತಗ್ಗಿಸಿದಾಗ ಬೆಳವಣಿಗೆ ಕುಗ್ಗಿದ್ದೂ ಇದೆ. ಅಂದರೆ ಸುಮ್ನೆ ಕೆಣಕಿದರೆ ಉಲ್ಟಾ ಹೊಡೆಯಬಹುದು, ಅಲ್ವಾ?

ಬ್ಯಾಕ್ಟೀರಿಯಾದ ಬಾಲದಲ್ಲಿರುವ ಫ್ಲ್ಯಾಜೆಲಿನ್ ಪ್ರೋಟೀನಿನ ಕಥೆ ಬೇರೆ. ಅದು ಟಿಎಲ್‌ಆರ್5 ಮೂಲಕ ಲ್ಯಾಬಿನಲ್ಲಿ ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆದಿದೆ.

ದುರ್ಬಲಗೊಳಿಸಿದ ಬ್ಯಾಕ್ಟೀರಿಯಾದಿಂದ ಮಾಡಿದ ಕ್ಷಯದ ಲಸಿಕೆ ಬಿಸಿಜಿಯನ್ನು ಮೂತ್ರಕೋಶದ ಕ್ಯಾನ್ಸರಿಗೆ ಕೊಡುತ್ತಾರೆ, ನಿಜ. ಸ್ತನ ಕ್ಯಾನ್ಸರಿಗೆ ಅದು ಚಿಕಿತ್ಸೆಯಲ್ಲ.